ಕೂಡಿಸುವ ಕೈ, ಕಳೆಯುವ ಕೈ

ಕಲ್ಲಿನಲ್ಲಿ ವಿಗ್ರಹವನ್ನು ಬಿಡಿಸುವ ಶಿಲ್ಪಿಯು ಕಳೆಯುತ್ತಾನೆ. ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನಿರಿಸಿ ಗೋಡೆಯನ್ನೆಬ್ಬಿಸುವವನು ಕೂಡಿಸುತ್ತಾನೆ. ಮನುಷ್ಯನು ಕೈಯಿಂದ ಮಾಡಿದ ಅಸಂಖ್ಯ ವಸ್ತುಗಳು ಈ ಎರಡು ಮಾರ್ಗಗಳಿಂದ ಹುಟ್ಟಿ ಬಂದಿವೆ. ಬಾಗಿಸುವುದು, ಬಡಿದು ತಟ್ಟುವುದು, ಎರಕ ಹೊಯ್ಯುವುದು ಮೊದಲಾದ ಬೇರೆ ಮಾರ್ಗಗಳೂ ಉಂಟು. ಅವುಗಳ ವಿಚಾರ ಸದ್ಯಕ್ಕೆ ಬೇಡ. ಕಳೆಯುವವನಿಗೂ ಕೂಡಿಸುವವನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಗೋಡೆ ಸೊಟ್ಟಗಾದರೆ ನಾಲ್ಕು ವರಸೆ ಇಟ್ಟಿಗೆಗಳನ್ನು ಬಿಚ್ಚಿ ಮತ್ತೆ ಕಟ್ಟಬಹುದು. ವಿಗ್ರಹದ ಮೂಗು ಚಕ್ಕೆಯೆದ್ದು ಹೋದರೆ ಅದನ್ನು ಮತ್ತೆ ತಂದು ಕೂಡಿಸಲಾಗದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರ ತಲೆಯ ಮೇಲೆ ಕವಿದಿರುವ ಎಲೆಬಳ್ಳಿಗಳನ್ನು ನೋಡಿದವರಿಗೆ ಒಂದು ಪ್ರಶ್ನೆ ಏಳಬೇಕು: ಆ ಶಿಲ್ಪಿಯು ಮೊದಲು ಯಾವುದನ್ನು ಕಡೆದನು, ಕೊನೆಗೆ ಯಾವುದನ್ನು? ತೆಳುವಾದ ಎಳೆಗಳನ್ನು ಮೊದಲೇ ಬಿಡಿಸಿಟ್ಟರೆ ಮುಂದಿನ ಉಳಿಯೇಟಿನ ಅದುರಿಗೆ ಅವು ಮುರಿದಾವು. ಕೊನೆಯವರೆಗೂ ಬಿಟ್ಟಿದ್ದರೆ ಅವುಗಳ ಹಿಂದಿನ ಸಂದಿಗೆ ಉಳಿಯು ಹೋಗದಿರಬಹುದು. ಕೈಚಳಕಕ್ಕೆ ಮೊದಲು ಅಲ್ಲಿ ಕೆಲಸ ಮಾಡಿರುವುದು ಕ್ರಮದ ಜ್ಞಾನ.

ಕೂಡಿಸುವುದು ಕಳೆಯುವುದು ಎರಡೂ ಒಂದೇ ವಸ್ತುವಿನಲ್ಲಿ ಸೇರಿದಾಗ ಈ ಕ್ರಮದ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಬೀದರಿನ ಕುಸುರಿ ಕೆಲಸವು ಇದಕ್ಕೆ ಉತ್ತಮ ನಿದರ್ಶನ. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಹೂಜಿಯನ್ನೋ ತಟ್ಟೆಯನ್ನೋ ಎರಕ ಹೊಯ್ಯುತ್ತಾರೆ. ಅದರ ಒರಟು ಮೈಯನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಇಲ್ಲಿ ಕಳೆದದ್ದಾಯಿತು. ಮೈತುತ್ತದ ನೀರನ್ನು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿ, ಆ ಕಪ್ಪಿನ ಮೇಲೆ ಚಿತ್ರವನ್ನು ಗೀರಿ, ಸಣ್ಣ ಉಳಿಯಿಂದ ಗೆರೆಗಳನ್ನು ತೋಡುತ್ತಾರೆ. ಇದೂ ಕಳೆಯುವುದೇ. ಆ ತೋಡುಗಳಲ್ಲಿ ಬೆಳ್ಳಿಯ ತಂತಿಯನ್ನು ಇಟ್ಟು ಬಡಿದು ಕೂರಿಸುವುದು ಕೂಡಿಸುವ ಕೆಲಸ. ಮೇಲಕ್ಕೆ ಉಬ್ಬಿ ನಿಂತ ಬೆಳ್ಳಿಯನ್ನು ಮತ್ತೆ ಅರದಿಂದ ಸಮಮಾಡುವುದು ಪುನಃ ಕಳೆಯುವ ಕೆಲಸ. ಕಟ್ಟಕಡೆಗೆ ಬೀದರಿನ ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಮೈ ಇದ್ದಲಿನಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಮಣ್ಣಿನ ಕೆಲಸವನ್ನು ಅರ ಹಾಕುವ ಕೆಲಸಕ್ಕೆ ಮೊದಲು ಮಾಡಿದರೆ ಏನಾದೀತು? ಅರವು ಬೆಳ್ಳಿಯೊಡನೆ ಕಪ್ಪನ್ನೂ ಉಜ್ಜಿಕೊಂಡು ಹೋದೀತು. ಪ್ರತಿಯೊಂದು ಹಂತವೂ ಅದರ ಹಿಂದಿನದನ್ನು ಬೇಡುತ್ತದೆ, ಮುಂದಿನದಕ್ಕೆ ದಾರಿ ಬಿಡುತ್ತದೆ.

ಬೀದರಿನ ಕುಶಲಕರ್ಮಿಗೆ ಈ ಕ್ರಮವು ತಲೆಮಾರುಗಳಿಂದ ಬಂದಿದೆ. ಇಂದಿನ ಯಂತ್ರಶಾಲೆಯ ಮುಂದಿರುವ ಸಮಸ್ಯೆಯೆಂದರೆ, ಹಿಂದೆ ಯಾರೂ ಮಾಡಿರದ ಆಕಾರಕ್ಕೆ ಇಂಥದೊಂದು ಕ್ರಮವನ್ನು ಹೊಸದಾಗಿ ಕಂಡುಹಿಡಿಯುವುದು.

ಯಂತ್ರಶಾಲೆಯಲ್ಲಿ ಬಹುಕಾಲ ಆಳಿದ್ದು ಕಳೆಯುವ ವಿಧಾನವೇ. ಲೇತ್ ಯಂತ್ರದಲ್ಲಿ ಲೋಹವು ತಿರುಗುತ್ತದೆ, ಉಳಿಯು ಅದರ ಮೈಯನ್ನು ಹೆರೆಯುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಹಲ್ಲುಗಳುಳ್ಳ ಕಟರ್ ತಿರುಗುತ್ತದೆ, ಲೋಹವು ಅದರ ಕೆಳಗೆ ಚಲಿಸುತ್ತದೆ. 1952ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು, ರಂಧ್ರಗಳಿರುವ ಕಾಗದದ ಪಟ್ಟಿಯಲ್ಲಿ ಅಂಕಿಗಳನ್ನು ಬರೆದು ಅವುಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಅದರ ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಸ್ಥಾಪನೆಗೊಂಡಿತು. ಯಂತ್ರಗಳನ್ನು ಮಾಡುವ ಯಂತ್ರಗಳು ನಮ್ಮ ನಾಡಿನಲ್ಲಿಯೇ ತಯಾರಾಗತೊಡಗಿದವು. ಕಟರ್ ಮಾಡುವ ಕೆಲಸದಲ್ಲಿ ನುಣುಪಿದೆ, ನಿಖರತೆಯಿದೆ; ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದವರೆಗೂ ಅಳತೆಯನ್ನು ಹಿಡಿಯಬಹುದು. ಆದರೆ ಅದಕ್ಕೆ ಎರಡು ಕೊರತೆಗಳು. ದೊಡ್ಡ ಗಟ್ಟಿಯಿಂದ ಸಣ್ಣ ವಸ್ತುವನ್ನು ತೆಗೆದಾಗ ಉಳಿದದ್ದೆಲ್ಲವೂ ಸಿಪ್ಪೆಯಾಗಿ ನೆಲಕ್ಕೆ ಬೀಳುತ್ತದೆ. ಅದಕ್ಕಿಂತಲೂ ದೊಡ್ಡ ಕೊರತೆಯೆಂದರೆ, ಕಟರ್ ಹೋಗಲಾರದ ಕಡೆ ಕೆಲಸ ನಡೆಯದು. ಕಿರಿದಾದ ಕಂಠದ ಹೂಜಿಯ ಒಳಮೈಯನ್ನು ಹೊರಗಿನಿಂದ ನೇರವಾದ ಕಡ್ಡಿಯೊಂದರಿಂದ ಮುಟ್ಟಲು ಯತ್ನಿಸಿದವರಿಗೆ ಇದು ತಿಳಿಯುತ್ತದೆ.

ಕೂಡಿಸುವ ಯಂತ್ರಗಳು ಈಚಿನವು. 1981ರಲ್ಲಿ ಜಪಾನಿನ ನಗೋಯದಲ್ಲಿದ್ದ ಹಿದೇವೊ ಕೊದಾಮ ಎಂಬವರು, ಬೆಳಕು ಬಿದ್ದೊಡನೆ ಗಟ್ಟಿಯಾಗುವ ರಾಳದಿಂದ ಪದರ ಪದರವಾಗಿ ಆಕಾರವನ್ನು ಬೆಳೆಸುವ ಬಗೆಯನ್ನು ಪ್ರಕಟಿಸಿದರು. ಅಮೆರಿಕದ ಚಾರ್ಲ್ಸ್ ಹಲ್ ಇದೇ ಜಾಡಿನಲ್ಲಿ ನಡೆದು 1984ರಲ್ಲಿ ಸಲ್ಲಿಸಿದ ಅರ್ಜಿಗೆ 1986ರಲ್ಲಿ ಹಕ್ಕುಪತ್ರವು ದೊರೆಯಿತು. ಅದೇ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಕಾರ್ಲ್ ಡೆಕಾರ್ಡ್, ಪುಡಿಯನ್ನು ಹರಡಿ ಲೇಸರ್ ಕಿರಣದಿಂದ ಬೆಸೆಯುವ ಕ್ರಮವನ್ನು ರೂಪಿಸಿದರು. ಇವೆಲ್ಲವುಗಳ ತಿರುಳು ಒಂದೇ. ಭೂಗೋಳದ ಪಾಠದಲ್ಲಿ ಬೆಟ್ಟವನ್ನು ತೋರಿಸುವ ಸಮೋನ್ನತಿ ರೇಖೆಗಳನ್ನು ವಿದ್ಯಾರ್ಥಿಗಳು ನೋಡಿರುತ್ತಾರೆ. ಒಂದೊಂದು ರೇಖೆಯ ಉದ್ದಕ್ಕೂ ಒಂದೊಂದು ರಟ್ಟನ್ನು ಕತ್ತರಿಸಿ ಒಂದರ ಮೇಲೊಂದನ್ನು ಅಂಟಿಸಿದರೆ ಬೆಟ್ಟದ ಮಾದರಿಯೇ ಎದ್ದು ನಿಲ್ಲುತ್ತದೆ. ಗಣಕಯಂತ್ರವು ವಸ್ತುವಿನ ಆಕಾರವನ್ನು ಹೀಗೆಯೇ ಹಲ್ಲೆ ಹಲ್ಲೆಯಾಗಿ ಸೀಳುತ್ತದೆ. ಯಂತ್ರವು ಒಂದೊಂದು ಹಲ್ಲೆಯನ್ನೂ ಲೋಹದಲ್ಲಿ ಕೂರಿಸುತ್ತದೆ. ಲೋಹದ ಪುಡಿಯನ್ನು ಬೆಸೆಯುವಾಗ ಒಂದು ಪದರದ ದಪ್ಪ ಸುಮಾರು 0.04 ಮಿಲಿಮೀಟರ್, ಅಂದರೆ ತಲೆಗೂದಲಿಗಿಂತಲೂ ತೆಳು. ಆರು ಸೆಂಟಿಮೀಟರ್ ಎತ್ತರದ ವಸ್ತುವಿಗೆ 1500 ಪದರಗಳು ಬೇಕು.

ಈ ವಿಧಾನದ ಲಾಭ ಎಷ್ಟೆಂಬುದಕ್ಕೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಕೊಟ್ಟಿರುವ ಒಂದು ಲೆಕ್ಕ ಸಾಕು. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ಮೊದಲು 14 ಬಿಡಿಭಾಗಗಳಿಂದ ಜೋಡಿಸಲಾಗುತ್ತಿತ್ತು. 19 ಕಡೆ ಬೆಸುಗೆ ಹಾಕಬೇಕಾಗಿತ್ತು. ಕೂಡಿಸುವ ವಿಧಾನಕ್ಕೆ ಒಪ್ಪುವಂತೆ ಅದನ್ನು ಮತ್ತೆ ವಿನ್ಯಾಸಗೊಳಿಸಿದಾಗ ಹದಿನಾಲ್ಕು ಭಾಗಗಳೂ ಸೇರಿ ಒಂದೇ ತುಂಡಾಯಿತು; ಹತ್ತೊಂಬತ್ತು ಬೆಸುಗೆಗಳೂ ಹೋದವು. ಹಿಂದೆ ಒಂದು ಎಂಜಿನಿಗೆ 565 ಕಿಲೋಗ್ರಾಂ ಲೋಹವು ಬೇಕಾಗುತ್ತಿದ್ದ ಕಡೆ 13.7 ಕಿಲೋಗ್ರಾಂ ಪುಡಿಯು ಸಾಕಾಯಿತು. ವಿಪ್ರೋ ತ್ರೀಡಿ ಸಂಸ್ಥೆಯು ನಿರ್ಮಿಸಿಕೊಟ್ಟ ಈ ಎಂಜಿನು 2024ರ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯ ಪರೀಕ್ಷಾಕೇಂದ್ರದಲ್ಲಿ 665 ಸೆಕೆಂಡುಗಳ ಕಾಲ ಉರಿದು ಪರೀಕ್ಷೆಯಲ್ಲಿ ಗೆದ್ದಿತು. ಬೆಸುಗೆಯೆಂಬುದು ರಾಕೆಟ್ಟಿನಲ್ಲಿ ಯಾವಾಗಲೂ ಅಂಜಿಕೆಯ ತಾಣ. ಹತ್ತೊಂಬತ್ತು ಅಂಜಿಕೆಗಳು ಒಮ್ಮೆಲೇ ಕಳೆದುಹೋಗುವುದು ಸಣ್ಣ ಮಾತಲ್ಲ.

ಹಾಗಾದರೆ ಕೂಡಿಸುವ ಯಂತ್ರವೊಂದೇ ಸಾಲದೇ? ಸಾಲದು. ಪದರಗಳ ಅಂಚುಗಳು ಮೆಟ್ಟಿಲಿನಂತೆ ಉಳಿಯುತ್ತವೆ. ಬೆರಳಿಂದ ಸವರಿದರೆ ಮೈ ತರಿತರಿಯಾಗಿರುತ್ತದೆ. ಇನ್ನೊಂದು ವಸ್ತುವಿಗೆ ಕೂಡಿಕೊಳ್ಳಬೇಕಾದ ಮುಖ, ತಿರುಪು ಹೋಗಬೇಕಾದ ತೂತು, ಅನಿಲವು ಸೋರದಂತೆ ಬಿಗಿಯಾಗಿ ಕೂರಬೇಕಾದ ಕಂಠ, ಇವು ಇಂಥ ತರಿಯನ್ನು ಸಹಿಸುವುದಿಲ್ಲ. ಅವುಗಳನ್ನು ಕಟರ್ ಹಾಯಿಸಿ ನಯ ಮಾಡಲೇಬೇಕು. ಒಂದು ಯಂತ್ರದಲ್ಲಿ ಬೆಳೆಸಿ ಇನ್ನೊಂದಕ್ಕೆ ಒಯ್ದು ಕಡೆಯಬಹುದಲ್ಲ ಎಂದರೆ, ಒಯ್ಯುವಾಗಲೇ ತೊಡಕು ಹುಟ್ಟುತ್ತದೆ. ಮೊದಲ ಯಂತ್ರಕ್ಕೆ ವಸ್ತುವಿನ ಪ್ರತಿಯೊಂದು ಬಿಂದುವೂ ಎಲ್ಲಿದೆಯೆಂದು ಗೊತ್ತಿತ್ತು. ಬಿಚ್ಚಿ ಮತ್ತೊಂದು ಹಿಡಿಗೆ ಸಿಕ್ಕಿಸಿದೊಡನೆ ಆ ಜ್ಞಾನವು ಅಳಿಸಿಹೋಗುತ್ತದೆ. ಮತ್ತೆ ಅಳೆದು ಹುಡುಕಬೇಕು. ಹುಡುಕುವಾಗ ಒಂದಿಷ್ಟು ತಪ್ಪು ನುಸುಳುತ್ತದೆ. ಅಲ್ಲದೆ ಪೂರ್ತಿ ಬೆಳೆದು ಮುಚ್ಚಿಕೊಂಡ ವಸ್ತುವಿನ ಒಳಗೆ ಕಟರ್ ಹೋಗುವುದೆಂತು?

ಎರಡು ಕೈಗಳನ್ನೂ ಒಂದೇ ಯಂತ್ರಕ್ಕೆ ಕೊಡಬೇಕೆಂಬ ಆಲೋಚನೆ ಹೀಗೆ ಬಂದಿತು. 1990ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಗಳಲ್ಲಿ ಫ್ರಿಟ್ಜ್ ಪ್ರಿನ್ಜ್ ಮತ್ತು ಅವರ ಸಂಗಡಿಗರು ಒಂದು ಪದರವನ್ನು ಹಾಕುವುದು, ಅದನ್ನು ಕಡೆಯುವುದು, ಮತ್ತೆ ಹಾಕುವುದು ಎಂಬ ಸರದಿಯನ್ನು ಆಚರಣೆಗೆ ತಂದರು. ಟೊಳ್ಳಾಗಿರಬೇಕಾದ ಕಡೆ ಅವರು ತಾಮ್ರವನ್ನು ತುಂಬುತ್ತಿದ್ದರು. ಕೊನೆಗೆ ಆಮ್ಲದಲ್ಲಿ ಅದ್ದಿ ತಾಮ್ರವನ್ನಷ್ಟೇ ಕರಗಿಸಿ ಉಕ್ಕನ್ನು ಉಳಿಸಿಕೊಳ್ಳುತ್ತಿದ್ದರು. ಕಮಾನು ಕಟ್ಟುವ ಗಾರೆಯವನು ಕೆಳಗೆ ಮರದ ಆಸರೆಯನ್ನು ಕೊಟ್ಟು ಕಮಾನು ಗಟ್ಟಿಯಾದ ಮೇಲೆ ತೆಗೆಯುವಂತೆಯೇ ಇದು. ಜಪಾನಿನ ಮತ್ಸುರ ಕಂಪನಿಯವರು ಈ ಶತಮಾನದ ಆರಂಭದಲ್ಲಿ, ಲೇಸರಿನಿಂದ ಪುಡಿಯ ಹಲವು ಪದರಗಳನ್ನು ಬೆಸೆದು ಒಡನೆಯೇ ಅಂಚುಗಳನ್ನು ಕಟರಿನಿಂದ ಹೆರೆಯುವ ಯಂತ್ರವನ್ನು ಮಾರುಕಟ್ಟೆಗೆ ತಂದರು. ಪ್ಲಾಸ್ಟಿಕ್ ಸಾಮಾನುಗಳ ಅಚ್ಚುಗಳನ್ನು ಮಾಡುವುದಕ್ಕೆ ಅದು ಬಹಳ ಒದಗಿಬಂದಿತು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಕೆ. ಪಿ. ಕರುಣಾಕರನ್ ಅವರ ತಂಡವು ಹಿಡಿದ ದಾರಿ ಇನ್ನೂ ಮಿತವ್ಯಯದ್ದು. ಯಂತ್ರಶಾಲೆಯಲ್ಲಿ ಇರುವ ಮಿಲ್ಲಿಂಗ್ ಯಂತ್ರಕ್ಕೇ ವಿದ್ಯುತ್ ಬೆಸುಗೆಯ ಸಾಧನವನ್ನು ತಗುಲಿಸಿ, ಬೆಸುಗೆಯ ಲೋಹವನ್ನೇ ಪದರವಾಗಿ ಹಾಕಿ, ಪ್ರತಿ ಪದರದ ನೆತ್ತಿಯನ್ನೂ ಕಟರಿನಿಂದ ಸಮತಟ್ಟು ಮಾಡಿ ಮುಂದಿನದನ್ನು ಹಾಕುವುದು. ಹೊರನಾಡಿನ ದುಬಾರಿ ಯಂತ್ರವನ್ನು ಕೊಳ್ಳಲಾರದ ಸಣ್ಣ ಕಾರ್ಖಾನೆಯು ಕಣ್ಣಿಡಬೇಕಾದ ದಾರಿ ಇದೇ.

ಯಂತ್ರವು ಸಿದ್ಧವಾಯಿತು. ಅದಕ್ಕೆ ಏನು ಹೇಳಬೇಕು? ಯಾವಾಗ ಕೂಡಿಸು, ಯಾವಾಗ ಕಳೆ ಎಂದು ಹೇಳುವುದೇ ಕಾರ್ಯಯೋಜನೆ. ಅಂಕಗಣಿತದಲ್ಲಿ ಈ ಚಿಂತೆ ಇಲ್ಲ. ಐದಕ್ಕೆ ಮೂರನ್ನು ಕೂಡಿಸಿ ಎರಡನ್ನು ಕಳೆದರೂ, ಮೊದಲು ಎರಡನ್ನು ಕಳೆದು ಆಮೇಲೆ ಮೂರನ್ನು ಕೂಡಿಸಿದರೂ ಬರುವುದು ಆರೇ. ಆಕಾರಗಳಲ್ಲಿ ಹಾಗಲ್ಲ. ಗಣಗಳ ಪಾಠವನ್ನು ಓದಿದವರು ಇದನ್ನು ಸುಲಭವಾಗಿ ಕಾಣಬಲ್ಲರು. ಒಂದು ಲೋಹದ ಹಲಗೆಯಿದೆ. ಅದರ ಮೇಲೆ ಒಂದು ಗುಬುಟನ್ನು ಕೂಡಿಸಬೇಕು. ಅದೇ ಸ್ಥಳದಲ್ಲಿ ಒಂದು ತೂತನ್ನು ಕೊರೆಯಬೇಕು. ಗುಬುಟನ್ನು ಮೊದಲು ಕೂಡಿಸಿ ಆಮೇಲೆ ಕೊರೆದರೆ ತೂತು ಗುಬುಟನ್ನೂ ಹಲಗೆಯನ್ನೂ ಹಾಯ್ದು ಹೋಗುತ್ತದೆ. ತೂತನ್ನು ಮೊದಲು ಕೊರೆದು ಆಮೇಲೆ ಗುಬುಟನ್ನು ಕೂಡಿಸಿದರೆ ತೂತಿನ ಬಾಯಿ ಮುಚ್ಚಿಹೋಗುತ್ತದೆ. ಕೂಡಿಸುವ ಭಾಗವೂ ಕಳೆಯುವ ಭಾಗವೂ ಎಲ್ಲಿ ಒಂದರ ಮೇಲೊಂದು ಬೀಳುತ್ತವೆಯೋ ಅಲ್ಲಿ ಕೊನೆಯ ಕೆಲಸದ ಮಾತೇ ನಡೆಯುತ್ತದೆ. ಇಂಥ ಹತ್ತು ಕೆಲಸಗಳಿದ್ದರೆ ಅವುಗಳನ್ನು ಸಾಲುಗೊಳಿಸುವ ಬಗೆಗಳು 36,28,800. ನಿಜವಾದ ವಸ್ತುವೊಂದರಲ್ಲಿ ಹತ್ತಲ್ಲ, ನೂರು ಕೆಲಸಗಳಿರಬಹುದು. ಎಲ್ಲವನ್ನೂ ಒಂದೊಂದಾಗಿ ಪರಿಶೀಲಿಸಲು ಗಣಕಯಂತ್ರಕ್ಕೂ ಆಗದು.

ಆದುದರಿಂದ ಯೋಜಕರು ಹಿಮ್ಮುಖವಾಗಿ ನಡೆಯುವ ಉಪಾಯವನ್ನು ಹಿಡಿಯುತ್ತಾರೆ. ಮುಗಿದ ವಸ್ತುವನ್ನು ಕಣ್ಣ ಮುಂದಿಟ್ಟುಕೊಂಡು, ಇದರಲ್ಲಿ ಕಟ್ಟಕಡೆಗೆ ನಡೆದ ಕೆಲಸ ಯಾವುದಿರಬಹುದು ಎಂದು ಕೇಳುವುದು. ಅದನ್ನು ಮನಸ್ಸಿನಲ್ಲಿಯೇ ರದ್ದು ಮಾಡಿ, ಉಳಿದುದಕ್ಕೆ ಮತ್ತೆ ಅದೇ ಪ್ರಶ್ನೆಯನ್ನು ಹಾಕುವುದು. ಉದಾಹರಣೆಗೆ ಕೊಳವೆಬಾವಿಯ ಪಂಪಿನೊಳಗಿನ ಇಂಪೆಲ್ಲರನ್ನು ತೆಗೆದುಕೊಳ್ಳಬಹುದು. ಹಳ್ಳಿಯಲ್ಲಿ ಪಂಪನ್ನು ಬಿಚ್ಚಿ ರಿಪೇರಿ ಮಾಡುವಾಗ ಅದನ್ನು ನೋಡಿದವರು ಅನೇಕರು. ಕೆಳಗೊಂದು ತಟ್ಟೆ, ಮೇಲೊಂದು ತಟ್ಟೆ, ನಡುವೆ ಬಾಗಿದ ಅಲಗುಗಳು. ಮೇಲಿನ ತಟ್ಟೆಯ ನಡುವಿನ ಕಣ್ಣಿನಿಂದ ಒಳಹೊಕ್ಕ ನೀರು ಅಲಗುಗಳ ಸಂದಿಯಲ್ಲಿ ಸುತ್ತಿ ಅಂಚಿನಿಂದ ಚಿಮ್ಮುತ್ತದೆ. ಲಕ್ಷಗಟ್ಟಲೆ ಬೇಕಾಗುವ ಸಾಮಾನ್ಯ ಇಂಪೆಲ್ಲರುಗಳನ್ನು ಎರಕದಿಂದಲೋ ಪ್ಲಾಸ್ಟಿಕ್ಕಿನ ಅಚ್ಚಿನಿಂದಲೋ ತೆಗೆಯುತ್ತಾರೆ, ಅದೇ ಸರಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಆದರೆ ಅತಿ ವೇಗದಲ್ಲಿ ತಿರುಗುವ, ಗಟ್ಟಿ ಮಿಶ್ರಲೋಹದ, ಐದೋ ಹತ್ತೋ ಮಾತ್ರ ಬೇಕಾದ ಇಂಪೆಲ್ಲರೊಂದನ್ನು ಮಾಡಬೇಕಾಗಿ ಬಂದಿದೆಯೆಂದು ಇಟ್ಟುಕೊಳ್ಳೋಣ.

ಮುಗಿದ ಇಂಪೆಲ್ಲರಿನಲ್ಲಿ ಕಟರ್ ಮುಟ್ಟಬಲ್ಲ ಭಾಗಗಳಾವುವು? ಹೊರಮೈ, ನಡುವಿನ ಕಣ್ಣು, ಅಚ್ಚು ಕೂರುವ ರಂಧ್ರ. ಇವುಗಳ ನಯಗೆಲಸವನ್ನು ಕೊನೆಗೆ ಇಟ್ಟುಕೊಳ್ಳಬಹುದು. ಅಲಗುಗಳ ಪಕ್ಕಗಳಲ್ಲಿ ಅಂಚಿನ ಹತ್ತಿರವಿರುವುದನ್ನು ಹೊರಗಿನಿಂದ ಸ್ವಲ್ಪ ದೂರ ಮುಟ್ಟಬಹುದು. ಬಾಗಿದ ಸಂದಿಯ ನಡುವಣ ಭಾಗವನ್ನು ಯಾವ ದಿಕ್ಕಿನಿಂದಲೂ ಮುಟ್ಟಲಾಗದು. ಅಂದಮೇಲೆ ಆ ಭಾಗದ ನಯಗೆಲಸವು ಮೇಲಿನ ತಟ್ಟೆ ಬರುವುದಕ್ಕೆ ಮೊದಲೇ ಮುಗಿದಿರಬೇಕು. ಮೇಲಿನ ತಟ್ಟೆಯನ್ನು ಮನಸ್ಸಿನಲ್ಲಿ ತೆಗೆದಿಟ್ಟರೆ ಅಲಗುಗಳು ಬಯಲಾಗಿ ನಿಲ್ಲುತ್ತವೆ. ಹೀಗೆ ಕ್ರಮವು ತಾನಾಗಿಯೇ ಮೂಡುತ್ತದೆ: ಮೊದಲು ಕೆಳತಟ್ಟೆ, ಅದರ ಮೇಲೆ ಅಲಗುಗಳು, ಅಲಗುಗಳ ನಯಗೆಲಸ, ಅನಂತರ ಮೇಲ್ತಟ್ಟೆ.

ಆದರೆ ಮೇಲ್ತಟ್ಟೆಯನ್ನು ಹಾಕುವುದೆಂತು? ಕರಗಿದ ಲೋಹದ ಎಳೆಯು ಎರಡು ಅಲಗುಗಳ ನಡುವಿನ ಬರಿದಾದ ಗಾಳಿಯಲ್ಲಿ ನಿಲ್ಲುವುದಿಲ್ಲ. ಸಂದಿಯನ್ನು ತಾಮ್ರದಂಥ ಬೇರೆ ವಸ್ತುವಿನಿಂದ ತುಂಬಬಹುದು. ಆಗ ಅದನ್ನು ಕರಗಿಸಿ ತೆಗೆಯುವ ಕೆಲಸವೊಂದು ಸೇರುತ್ತದೆ. ಯಂತ್ರದ ಮೇಜನ್ನು ಓರೆಯಾಗಿಸಿ, ಅಲಗಿನ ನೆತ್ತಿಯಿಂದ ಆರಂಭಿಸಿ ಒಂದೆಳೆಗೆ ಇನ್ನೊಂದೆಳೆಯನ್ನು ಒತ್ತಿಸುತ್ತ ಚಾವಣಿಯನ್ನು ಪಕ್ಕಕ್ಕೆ ಬೆಳೆಸಬಹುದು. ಆಗ ಲೋಹವನ್ನು ಹಾಯಿಸುವ ಮೂತಿಯು ನೆರೆಯ ಅಲಗಿಗೆ ತಗುಲುವ ಅಪಾಯವಿದೆ. ಚಾವಣಿಯ ಅಡಿಮೈ ಹೇಗೂ ತರಿಯಾಗಿರುತ್ತದೆ. ಪೂರ್ತಿ ಮುಚ್ಚಿದ ಮೇಲೆ ಅದನ್ನು ನಯ ಮಾಡಲಾಗದು. ಆದಕಾರಣ ಅರ್ಧ ಮುಚ್ಚಿ, ಉಳಿದ ಕಿಂಡಿಯ ಮೂಲಕ ಕಟರನ್ನು ಇಳಿಸಿ ಅಡಿಮೈಯನ್ನು ಹೆರೆದು, ಆಮೇಲೆ ಕಿಂಡಿಯನ್ನು ಮುಚ್ಚಬೇಕಾಗುತ್ತದೆ. ಹೀಗೆ ಮಾಡಿದರೂ ಕಟ್ಟಕಡೆಗೆ ಮುಚ್ಚಿದ ಒಂದು ಪಟ್ಟಿಯ ಅಡಿಮೈ ತರಿಯಾಗಿಯೇ ಉಳಿಯುತ್ತದೆ. ಅದನ್ನು ತಪ್ಪಿಸಲಾಗದು, ಎಲ್ಲಿ ಉಳಿಸಬೇಕೆಂಬುದನ್ನು ಮಾತ್ರ ಆರಿಸಬಹುದು. ನೀರಿನ ಓಟಕ್ಕೆ ಅತಿ ಕಡಮೆ ಅಡ್ಡಿಯಾಗುವ ಸ್ಥಳವನ್ನು ತಿಳಿದವನು ಪಂಪಿನ ವಿನ್ಯಾಸಕಾರ. ಕಟರ್ ಎಲ್ಲಿಗೆ ಹೋಗಬಲ್ಲುದೆಂದು ತಿಳಿದವನು ಯಂತ್ರದವನು. ಇಬ್ಬರೂ ಒಂದೇ ಮೇಜಿನ ಎದುರು ಕುಳಿತು ಮಾತನಾಡದಿದ್ದರೆ ಆ ಪಟ್ಟಿ ತಪ್ಪು ಜಾಗದಲ್ಲಿ ಬೀಳುತ್ತದೆ. ಅದು ಹೊರಗಿನಿಂದ ಯಾರ ಕಣ್ಣಿಗೂ ಕಾಣುವುದಿಲ್ಲ.

ಆಕಾರದ ತೊಡಕಿನ ಜೊತೆಗೆ ಶಾಖದ ತೊಡಕೂ ಇದೆ. ಬಿಸಿಯಾದ ಲೋಹವು ಹಿಗ್ಗುತ್ತದೆಂಬುದು ಎಲ್ಲರಿಗೂ ತಿಳಿದ ವಿಷಯ. ನೂರು ಮಿಲಿಮೀಟರ್ ಉದ್ದದ ಉಕ್ಕಿನ ತುಂಡು ನೂರು ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿ ಏರಿದರೆ ಸುಮಾರು 0.12 ಮಿಲಿಮೀಟರ್ ಹಿಗ್ಗುತ್ತದೆ. ಬೆಸುಗೆಯ ಬಿಸಿ ಆರುವ ಮೊದಲೇ ಕಟರ್ ಹಾಯಿಸಿ ಅಳತೆಗೆ ಸರಿಯಾಗಿ ಹೆರೆದರೆ, ತಣ್ಣಗಾದ ಮೇಲೆ ವಸ್ತುವು ಅಷ್ಟರಮಟ್ಟಿಗೆ ಚಿಕ್ಕದಾಗಿರುತ್ತದೆ. ಅನುಮತಿಸಿದ ವ್ಯತ್ಯಾಸ 0.02 ಮಿಲಿಮೀಟರ್ ಆಗಿದ್ದರೆ ಕೆಲಸ ಕೆಟ್ಟಿತೆಂದೇ ಅರ್ಥ. ಆರುವವರೆಗೆ ಕಾಯಬೇಕು, ಪ್ರತಿಸಲ ಕಾದರೆ ದಿನಗಳೇ ಹಿಡಿಯುತ್ತವೆ. ಜಾಣ ಯೋಜನೆಯು ಒಂದು ಪಕ್ಕ ಆರುತ್ತಿರುವಾಗ ದೂರದ ಇನ್ನೊಂದು ಪಕ್ಕದಲ್ಲಿ ಕೆಲಸವನ್ನು ಇಟ್ಟುಕೊಳ್ಳುತ್ತದೆ. ಹೊಸ ಲೋಹವು ಆರುವಾಗ ಕುಗ್ಗಿ, ತನಗೆ ಅಂಟಿಕೊಂಡ ಹಳೆಯ ಲೋಹವನ್ನು ಎಳೆಯುತ್ತದೆ. ನಯ ಮಾಡಿಟ್ಟ ತೆಳು ಅಲಗುಗಳು ಇದರಿಂದ ವಾಲುವುದುಂಟು. ಜೀಪಿನ ಚಕ್ರವನ್ನು ಹಾಕುವವನು ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯುವಂತೆ, ಚಾವಣಿಯ ಭಾಗಗಳನ್ನೂ ಎದುರುಬದುರಾಗಿ ಹಾಕುತ್ತ ಹೋದರೆ ಎಳೆತಗಳು ಒಂದನ್ನೊಂದು ಬಹುಮಟ್ಟಿಗೆ ಸರಿದೂಗಿಸುತ್ತವೆ.

ಹೆರೆಯುವುದಕ್ಕೆಂದು ಎಷ್ಟು ಹೆಚ್ಚು ಲೋಹವನ್ನು ಹಾಕಿಟ್ಟಿರಬೇಕೆಂಬುದೂ ಲೆಕ್ಕದ ಮಾತೇ. ಕಡಮೆ ಇಟ್ಟರೆ ತರಿಯ ತಗ್ಗುಗಳು ಹೆರೆದ ಮೇಲೂ ಗುಳಿಗಳಾಗಿ ಉಳಿಯುತ್ತವೆ. ಹೆಚ್ಚು ಇಟ್ಟರೆ ಉಳಿತಾಯವೆಂದು ಆರಂಭಿಸಿದ್ದು ಮತ್ತೆ ಸಿಪ್ಪೆಯಾಗಿ ನೆಲಕ್ಕೆ ಬೀಳುತ್ತದೆ. ಕಟರಿನ ಮೇಲೆ ಸುರಿಯುವ ಎಣ್ಣೆನೀರಿನ ವಿಚಾರವು ಮೇಲ್ನೋಟಕ್ಕೆ ಕ್ಷುಲ್ಲಕವಾಗಿ ತೋರುತ್ತದೆ, ಆದರೆ ಹಾಗಲ್ಲ. ಹೆರೆದ ಮೈಯ ಮೇಲೆ ಅದರ ಪಸೆ ಉಳಿದಿದ್ದು, ಅದರ ಮೇಲೆಯೇ ಮುಂದಿನ ಪದರವು ಬಿದ್ದರೆ, ಪಸೆಯು ಸುಟ್ಟು ಅನಿಲವಾಗಿ ಲೋಹದೊಳಗೆ ಗುಳ್ಳೆಗಳಾಗುತ್ತವೆ. ಆದ್ದರಿಂದ ನಡುನಡುವಿನ ಹೆರೆತವನ್ನು ಒಣದಾಗಿಯೇ ಮಾಡುವುದು ರೂಢಿ. ಪುಡಿಯನ್ನು ಹರಡಿ ಬೆಸೆಯುವ ಯಂತ್ರದಲ್ಲಂತೂ ಎಣ್ಣೆಗೆ ಎಡೆಯೇ ಇಲ್ಲ.

ಇಷ್ಟೆಲ್ಲವನ್ನೂ ಒಟ್ಟಿಗೆ ತೂಗಿ ನೋಡುವ ಗಣಕವಿಧಿಗಳನ್ನು ರೂಪಿಸುವ ಪ್ರಯತ್ನವು ಹಲವು ದೇಶಗಳಲ್ಲಿ ನಡೆದಿದೆ. ಯಂತ್ರವು ಹಾಕಬಲ್ಲ ಎಳೆಯ ದಪ್ಪ, ಕಟರಿನ ತುದಿಯ ಗಾತ್ರ, ಮೇಜು ತಿರುಗಬಲ್ಲ ದಿಕ್ಕುಗಳು ಇವುಗಳನ್ನು ಕೊಟ್ಟರೆ, ಆ ಯಂತ್ರಕ್ಕೆ ಸಾಧ್ಯವಾದ ಕೂಡಿಕೆ ಕಳೆತಗಳಾವುವು, ಯಾವುದು ಯಾವುದಕ್ಕಿಂತ ಮೊದಲು ಬರಲೇಬೇಕು ಎಂಬುದನ್ನು ಗಣಕಯಂತ್ರವು ವಿಂಗಡಿಸುತ್ತದೆ. ಬರಲೇಬೇಕಾದ ಈ ನಿರ್ಬಂಧಗಳು ಹೆಚ್ಚಾದಷ್ಟೂ ಹುಡುಕಬೇಕಾದ ದಾರಿಗಳು ಕಡಮೆಯಾಗುತ್ತವೆ. ಲಕ್ಷಗಟ್ಟಲೆ ದಾರಿಗಳ ಕಾಡು ಕೆಲವೇ ಕಾಲುದಾರಿಗಳಿಗೆ ಇಳಿಯುತ್ತದೆ. ಅವುಗಳಲ್ಲಿ ಯಾವುದು ಬೇಗ ಮುಗಿಯುತ್ತದೆ, ಯಾವುದು ಅಗ್ಗ ಎಂದು ಲೆಕ್ಕ ಹಾಕುವುದು ಯಂತ್ರಕ್ಕೆ ಕಷ್ಟವಲ್ಲ. ಯಾವುದು ನಂಬಿಕೆಗೆ ಅರ್ಹವೆಂದು ಹೇಳುವುದು ಕಷ್ಟ. ಲೋಹದ ಮೈಯ ಬಣ್ಣವನ್ನು ನೋಡಿ ಬೆಸುಗೆಯು ಅತಿಯಾಗಿ ಬಿಸಿಯಾಯಿತೆಂದು ಅರಿಯುವ, ಕಟರಿನ ಸದ್ದು ಬದಲಾದುದನ್ನು ಕೇಳಿ ಅದರ ಹಲ್ಲು ಮೊಂಡಾಯಿತೆಂದು ಹೇಳುವ ಅನುಭವಿ ಕೆಲಸಗಾರನ ಜ್ಞಾನವನ್ನು ಅಂಕಿಗಳಿಗೆ ಇಳಿಸುವುದು ಇನ್ನೂ ಪೂರ್ತಿಯಾಗಿ ಕೈಗೂಡಿಲ್ಲ.

ಸವೆದ ವಸ್ತುಗಳ ಪುನರುದ್ಧಾರದಲ್ಲಿ ಈ ಜ್ಞಾನದ ಬೆಲೆ ಇನ್ನೂ ಹೆಚ್ಚು. ವಿಮಾನದ ಎಂಜಿನಿನ ಅಲಗಿನ ತುದಿ ಸವೆದರೆ ಇಡೀ ಅಲಗನ್ನು ಎಸೆಯಬೇಕಾಗಿಲ್ಲ. ಕೆಟ್ಟ ಭಾಗವನ್ನು ಹೆರೆದು ತೆಗೆದು, ಅದೇ ಲೋಹವನ್ನು ಪದರವಾಗಿ ಹಾಕಿ, ಮತ್ತೆ ಮೂಲದ ಆಕಾರಕ್ಕೆ ಕಡೆಯಬಹುದು. ಇಲ್ಲಿ ಕ್ರಮವು ಕಳೆಯುವುದರಿಂದ ಆರಂಭವಾಗುತ್ತದೆ. ಆದರೆ ಯಾವ ಎರಡು ಅಲಗುಗಳೂ ಒಂದೇ ರೀತಿಯಲ್ಲಿ ಸವೆದಿರುವುದಿಲ್ಲ. ಒಂದು ವಾಲಿರುತ್ತದೆ, ಇನ್ನೊಂದು ತಿರುಚಿರುತ್ತದೆ. ನಕ್ಷೆಯಲ್ಲಿರುವ ಆಕಾರವನ್ನು ನಂಬಿ ಯೋಜನೆ ಹಾಕುವಂತಿಲ್ಲ. ಮೊದಲು ಪ್ರತಿಯೊಂದನ್ನೂ ಅಳೆದು, ಇರುವ ಆಕಾರವನ್ನು ತಿಳಿದು, ಅದಕ್ಕೆ ಮಾತ್ರ ಸಲ್ಲುವ ಯೋಜನೆಯನ್ನು ಬರೆಯಬೇಕು. ಅಳೆಯುವುದೆಂಬುದು ಕೂಡಿಸುವ ಕಳೆಯುವ ಕೆಲಸಗಳ ನಡುವಣ ಮೂರನೆಯ ಕೆಲಸವಾಗುತ್ತದೆ. ಒಳಗೆ ಮುಚ್ಚಿಹೋಗಲಿರುವ ಮೈಯೊಂದಿದ್ದರೆ ಮುಚ್ಚುವ ಮುನ್ನವೇ ಅದರ ಅಳತೆಯನ್ನು ತೆಗೆದಿರಬೇಕು. ಆಮೇಲೆ ಕ್ಷಕಿರಣದ ಪರೀಕ್ಷೆಯಿಂದ ದೋಷವನ್ನು ಕಂಡುಹಿಡಿಯಬಹುದೇ ಹೊರತು ತಿದ್ದಲಾಗದು.

ಎಲ್ಲ ಯೋಜನೆಗಳಲ್ಲೂ ತುದಿಗೆ ಬರುವ ಕೆಲಸವೊಂದಿದೆ. ಪದರ ಪದರವಾಗಿ ಬೆಳೆದ ವಸ್ತುವು ತನ್ನ ಅಡಿಯಲ್ಲಿರುವ ದಪ್ಪ ಲೋಹದ ಫಲಕಕ್ಕೆ ಬೆಸೆದುಕೊಂಡೇ ಇರುತ್ತದೆ. ಅಳತೆಗಳೆಲ್ಲವೂ ಆ ಫಲಕವನ್ನೇ ಆಧಾರವಾಗಿ ಹಿಡಿದಿರುತ್ತವೆ. ಅದರಿಂದ ಬಿಡಿಸಿದ ಕ್ಷಣವೇ ಯಂತ್ರಕ್ಕೆ ವಸ್ತುವಿನ ಗುರುತು ತಪ್ಪುತ್ತದೆ. ಅಲ್ಲದೆ ಸಾವಿರಾರು ಪದರಗಳು ಆರುವಾಗ ಒಳಗೆ ಸೇರಿಕೊಂಡ ಎಳೆತವು ಬಿಗಿದ ಬಿಲ್ಲಿನಂತೆ ಕಾದು ಕುಳಿತಿರುತ್ತದೆ. ಹಾಗೆಯೇ ಕತ್ತರಿಸಿದರೆ ವಸ್ತುವು ಸೆಟೆದು ಬಾಗಿಬಿಡಬಹುದು. ಆದುದರಿಂದ ಫಲಕದ ಸಮೇತವಾಗಿ ಅದನ್ನು ಕುಲುಮೆಯಲ್ಲಿಟ್ಟು, ತಕ್ಕಷ್ಟು ಹೊತ್ತು ಕಾಯಿಸಿ, ನಿಧಾನವಾಗಿ ಆರಲು ಬಿಡುತ್ತಾರೆ. ಅನಂತರ ಉಳಿದಿರುವ ನಯಗೆಲಸವನ್ನು ಮುಗಿಸಿ, ಅಳೆಯಬೇಕಾದುದೆಲ್ಲವನ್ನೂ ಮತ್ತೊಮ್ಮೆ ಅಳೆದು, ಎಲ್ಲವೂ ಸರಿಯಿದೆಯೆಂದು ಖಚಿತವಾದ ಮೇಲೆಯೇ ವಸ್ತುವನ್ನು ಫಲಕದಿಂದ ಕೊಯ್ದು ಬೇರೆ ಮಾಡುತ್ತಾರೆ.